ತಡವಾಗಿ ಸಿಗುವ ಕಾಳಿಗೆ ಪಾರಿವಾಳ ಕಟ್ಟುವ ಬೆಲೆಯನ್ನು ಅಳೆಯುವ ಬಗೆ

ಕೂಡಲೇ ಸಿಗುವ ಸ್ವಲ್ಪ ಕಾಳನ್ನು ಬಿಟ್ಟು, ತಡವಾಗಿ ಸಿಗುವ ಹೆಚ್ಚು ಕಾಳಿಗಾಗಿ ಪಾರಿವಾಳ ಕಾಯುತ್ತದೆಯೇ ಎಂದು ಕೇಳಿ ಹೌದು, ಇಲ್ಲ ಎಂಬ ಉತ್ತರ ಪಡೆದರೆ ಹೆಚ್ಚೇನೂ ತಿಳಿಯುವುದಿಲ್ಲ. ಎಷ್ಟು ಸೆಕೆಂಡು ತಡವಾದಾಗ ಎರಡೂ ಅದಕ್ಕೆ ಸಮನಾಗಿ ತೋರುತ್ತವೆ ಎಂಬುದನ್ನೇ ಹುಡುಕಬೇಕು. ಮನೋವಿಜ್ಞಾನಿ ಜೇಮ್ಸ್ ಮಝೂರ್ 1987ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ತಕ್ಕದ್ದು.

ಪೆಟ್ಟಿಗೆಯೊಳಗೆ ಎರಡು ಗುಂಡಿಗಳಿರಲಿ. ಕೆಂಪು ಗುಂಡಿಯನ್ನು ಕುಟುಕಿದರೆ 2 ಸೆಕೆಂಡು, ಹಸಿರು ಗುಂಡಿಯನ್ನು ಕುಟುಕಿದರೆ ತುಸು ತಡವಾಗಿ 6 ಸೆಕೆಂಡು ಕಾಳಿನ ತಟ್ಟೆ ತೆರೆದಿರಲಿ. ನಾಲ್ಕು ಸರದಿಗಳನ್ನು ಒಂದು ಕಂತೆಯಾಗಿ ಮಾಡಿ, ಮೊದಲೆರಡರಲ್ಲಿ ಒಮ್ಮೆಗೆ ಒಂದೇ ಗುಂಡಿಯನ್ನು ಬೆಳಗಿಸಿ ಹಕ್ಕಿಗೆ ಎರಡರ ರುಚಿಯನ್ನೂ ತೋರಿಸಿ, ಉಳಿದೆರಡರಲ್ಲಿ ಆಯ್ಕೆಯನ್ನು ಅದಕ್ಕೇ ಬಿಡಬೇಕು. ಎರಡು ಸಲವೂ ಹಸಿರನ್ನೇ ಆರಿಸಿದರೆ ತಡವನ್ನು 1 ಸೆಕೆಂಡು ಹೆಚ್ಚಿಸಿ, ಎರಡು ಸಲವೂ ಕೆಂಪನ್ನೇ ಆರಿಸಿದರೆ 1 ಸೆಕೆಂಡು ಇಳಿಸಿ, ಒಂದೊಂದು ಸಲ ಆರಿಸಿದರೆ ಹಾಗೆಯೇ ಬಿಡಿ. ಹಲವು ದಿನಗಳ ನಂತರ ತಡವು ಒಂದೇ ಮಟ್ಟದ ಆಸುಪಾಸಿನಲ್ಲಿ ತೂಗಾಡತೊಡಗುತ್ತದೆ, ಅದೇ ಸಮಬಿಂದು. ಹೊಸಬರು ಸಾಮಾನ್ಯವಾಗಿ ಎಡವುವುದು ಇನ್ನೊಂದೆಡೆ: ಯಾವ ಗುಂಡಿಯನ್ನು ಕುಟುಕಿದರೂ ಮುಂದಿನ ಸರದಿಯವರೆಗಿನ ಒಟ್ಟು ಹೊತ್ತು ಒಂದೇ ಆಗಿರಬೇಕು, ಇಲ್ಲವಾದರೆ ಬೇಗ ತಿಂದ ಹಕ್ಕಿಗೆ ಮುಂದಿನ ಅವಕಾಶವೂ ಬೇಗ ಸಿಕ್ಕಿ, ಅದರ ಆತುರವೇ ಲಾಭದ ನಡೆಯಾಗಿಬಿಡುತ್ತದೆ.

ಇನ್ನು ಲೆಕ್ಕ. ತಡವನ್ನು ಇಳಿಕೆಯ ದರದಿಂದ (ತಡವಾದಂತೆ ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಹೇಳುವ ಸಂಖ್ಯೆ) ಗುಣಿಸಿ, 1 ಕೂಡಿಸಿ, ಬಂದದ್ದರಿಂದ ಕಾಳಿನ ಪ್ರಮಾಣವನ್ನು, ಅಂದರೆ ತಟ್ಟೆ ತೆರೆದಿರುವ ಸೆಕೆಂಡುಗಳನ್ನು, ಭಾಗಿಸಿದರೆ ಅದರ ಈಗಿನ ಬೆಲೆ ಸಿಗುತ್ತದೆ. ಕೆಂಪು ಗುಂಡಿಯ ಕಾಳು ತಡವಿಲ್ಲದೆ ಸಿಗುತ್ತಿದ್ದು, ಸಮಬಿಂದು 4 ಸೆಕೆಂಡಿಗೆ ನಿಂತಿತೆನ್ನೋಣ. ಆಗ ದರ 0.5. ಹಸಿರಿನ ತಡ 5 ಸೆಕೆಂಡಾದರೆ ಅದರ ಬೆಲೆ ಸುಮಾರು 1.7ಕ್ಕೆ ಇಳಿದು, 2 ಬೆಲೆಯ ಕೆಂಪು ಗೆಲ್ಲುತ್ತದೆ. ಆದರೆ ಎರಡಕ್ಕೂ 10 ಸೆಕೆಂಡು ತಡವನ್ನು ಸೇರಿಸಿ ನೋಡಿ: ಕೆಂಪಿನ ಬೆಲೆ 0.33, ಹಸಿರಿನದು 0.71. ಆಯ್ಕೆ ತಿರುಗುಮುರುಗಾಯಿತು! ಚಕ್ರಬಡ್ಡಿಯನ್ನು ಹಿಂದುಮುಂದಾಗಿಸಿ, ಪ್ರತಿ ಸೆಕೆಂಡಿಗೂ ಒಂದೇ ಅನುಪಾತದಲ್ಲಿ ಬೆಲೆ ಇಳಿಸುವ ಲೆಕ್ಕದಲ್ಲಿ ಹೀಗಾಗುವುದಿಲ್ಲ. ಪಾರಿವಾಳಗಳಲ್ಲಿ ಇಂಥ ತಿರುವನ್ನು ರಾಕ್ಲಿನ್ ಮತ್ತು ಗ್ರೀನ್ 1972ರಲ್ಲೇ ತೋರಿಸಿದ್ದರು.

ಬಂದ ದರವನ್ನು ಆ ಪ್ರಾಣಿಯ ತಾಳ್ಮೆಯೆಂದು ಕರೆಯುವ ಮುನ್ನ ಬೆಲೆಯನ್ನು ಕಾಯುವ ಹೊತ್ತಿನಿಂದಷ್ಟೇ ಅಲ್ಲದೆ, ತಿನಿಸಿಗಾಗಿ ನಡೆಯಬೇಕಾದ ದೂರದಿಂದಲೂ ಅಳೆದು ನೋಡುವುದು ಒಳಿತು. ಮರದ ಅಂಟು ಜಿನುಗುವುದನ್ನು ಕಾದು ತಿನ್ನುವ ಮಾರ್ಮಸೆಟ್ ಕೋತಿ, ಹುಳುಗಳನ್ನು ಅರಸುತ್ತ ಅಲೆಯುವ ಟ್ಯಾಮರಿನ್ ಕೋತಿಗಿಂತ ಹೆಚ್ಚು ಹೊತ್ತು ಕಾಯುತ್ತದೆ. ಹೆಚ್ಚಿನ ತಿನಿಸಿಗಾಗಿ ಹೆಚ್ಚು ದೂರ ನಡೆಯುವುದು ಮಾತ್ರ ಟ್ಯಾಮರಿನ್.