ನಾಯಿ, ಬೆಕ್ಕಿನ ಜೊತೆ ವಿಮಾನ ಹತ್ತುವ ಮುನ್ನ

ಟಿಕೆಟ್ ತಗೊಂಡು ಆಮೇಲೆ ನಾಯಿ ವಿಷಯ ಕೇಳೋಣ ಅಂದುಕೊಳ್ಳಬೇಡಿ. ಮೊದಲು ಏರ್‌ಲೈನ್‌ಗೆ ಫೋನ್ ಮಾಡಿ. ಕ್ಯಾಬಿನ್‌ನಲ್ಲಿ ಬಿಡುವವರೂ ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಮಿತಿ ಇಟ್ಟಿರುತ್ತಾರೆ. ತೂಕ ನೋಡುವಾಗ ಸಾಮಾನ್ಯವಾಗಿ ಪ್ರಾಣಿಯನ್ನು ಇಟ್ಟ ಬ್ಯಾಗಿನ ತೂಕವೂ ಸೇರುತ್ತದೆ.

ಕಾರ್ಗೋದಲ್ಲಿ ಕಳಿಸುವುದಾದರೆ ಕ್ರೇಟೇ (ಪ್ರಾಣಿಯನ್ನು ಇಡುವ ಗಟ್ಟಿ ಪೆಟ್ಟಿಗೆ) ಮುಖ್ಯ. ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ನಿಯಮದಂತೆ ಪ್ರಾಣಿ ಒಳಗೆ ಸಲೀಸಾಗಿ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ನಿಂತಾಗ ಕಿವಿ ಕ್ರೇಟಿನ ಮೇಲ್ಭಾಗಕ್ಕೆ ತಾಗಿದರೆ ದೊಡ್ಡದು ತಗೊಳ್ಳಿ. ನಾನು ಒಂದು ತಿಂಗಳು ಮೊದಲೇ ಕ್ರೇಟ್ ತಂದು, ಹಳೇ ಬೆಡ್‌ಶೀಟ್ ಹಾಸಿ, ಬಾಗಿಲು ತೆಗೆದು ಹಾಲ್‌ನಲ್ಲಿ ಇಟ್ಟಿದ್ದೆ. ಮೊದಲು ಮೂಸಿ ನೋಡಿ ಓಡುತ್ತಿದ್ದ ನಮ್ಮ ನಾಯಿ ಎರಡನೇ ವಾರಕ್ಕೆ ಅಲ್ಲೇ ಗೊರಕೆ! ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಡಿ, ಎತ್ತಿಡುವಾಗ ಚೆಲ್ಲುವುದಿಲ್ಲ.

ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವಕ್ಕೆ ಉಸಿರಾಟದ ತೊಂದರೆ ಜಾಸ್ತಿ. ಹಲವು ಏರ್‌ಲೈನ್‌ಗಳು ಅವನ್ನು ಕಾರ್ಗೋದಲ್ಲಿ ಒಯ್ಯುವುದೇ ಇಲ್ಲ. ಸುಮ್ನೆ ಇರಲಿ ಅಂತ ನಿದ್ದೆ ಮಾತ್ರೆ ಕೊಡಬೇಡಿ, ಅದು ಅಪಾಯ.

ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೋಗುವವರು ಗಮನಿಸಿ: ಮೊದಲು ಮೈಕ್ರೋಚಿಪ್ (ಗುರುತಿಗಾಗಿ ಚರ್ಮದಡಿ ಹಾಕುವ ಪುಟ್ಟ ಚಿಪ್), ಆಮೇಲೆ ರೇಬಿಸ್ ಲಸಿಕೆ. ಉಲ್ಟಾ ಆದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಮೊದಲ ಲಸಿಕೆಯಾದರೆ 21 ದಿನ ಕಾಯಲೇಬೇಕು.