ಮನೆಗೆಲಸದ ಮಹಿಳೆಯರ ಚರಿತ್ರೆಯನ್ನು ಕೌದಿಯಲ್ಲಿ ಹೊಲಿಯುವ ಬಗೆ

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಮಕ್ಕಳನ್ನು ಬೆಳೆಸಿದ ಹೆಂಗಸರ ಹೆಸರುಗಳು ಆ ಮನೆತನಗಳ ಚರಿತ್ರೆಯಲ್ಲಿ ಸಿಗುವುದು ಅಪರೂಪ. ಅವುಗಳನ್ನು ದಾಖಲಿಸಲು, ಹಳೆಯ ಬಟ್ಟೆಗಳನ್ನು ಪದರವಾಗಿ ಸೇರಿಸಿ ಕೈಯಿಂದ ಹೊಲಿಯುವ ಹೊದಿಕೆಯಾದ ನಮ್ಮ ಕೌದಿಗಿಂತ ತಕ್ಕ ಮಾಧ್ಯಮ ನನಗೆ ತೋಚುವುದಿಲ್ಲ.

ಸೂಜಿ ಹಿಡಿಯುವ ಮುನ್ನ ಕೇಳಿಸಿಕೊಳ್ಳಬೇಕು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ, ಅವರ ಓಣಿಯಲ್ಲೇ ಕುಳಿತು, ಯಾವ ವಯಸ್ಸಿಗೆ ದುಡಿಮೆ ಆರಂಭವಾಯಿತು, ಪಗಾರ ಎಷ್ಟಿತ್ತು, ಚಹಾದ ಲೋಟ ಬೇರೆ ಇಡುತ್ತಿದ್ದರೇ ಎಂದು ವಿಚಾರಿಸಿರಿ. ಅವರು ಕೊಡುವ ಸಮಯಕ್ಕೆ ಕೂಲಿ ಕೊಡುವುದು ಕಡ್ಡಾಯವೆಂದೇ ನಾನು ಭಾವಿಸುತ್ತೇನೆ. ಹೆಸರು ಹಾಕಬೇಕೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸಲಿ.

ಬಟ್ಟೆ ಅವರು ಉಟ್ಟು ಸವೆಸಿದ ಸೀರೆಯದೇ ಆಗಿರಲಿ. ಹಳೆಯ ಸೀರೆಗಳನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ತುಂಡುಗಳ ಅಂಚನ್ನು ಒಳಗೆ ಮಡಚಿ, ಅಂಚಿನಿಂದ ನಡುವಿನತ್ತ ಸಾಲುಸಾಲಾಗಿ ಹೊಲಿಯಿರಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಸವೆದ ಬಟ್ಟೆಯಲ್ಲಿ ನಿಲ್ಲುವುದು ಕಷ್ಟ. ಪೊರಕೆ, ಬಿಂದಿಗೆ, ಒಗೆಯುವ ಕಲ್ಲುಗಳ ಚಿತ್ರಗಳನ್ನು ಕೈಮಗ್ಗದ ಬಟ್ಟೆಯ ಮೇಲೆ ಗವಂತಿ ಹೊಲಿಗೆಯಲ್ಲಿ (ಎರಡೂ ಬದಿ ಒಂದೇ ರೀತಿ ಕಾಣುವ ಕಸೂತಿ ಹೊಲಿಗೆ) ಮೂಡಿಸಿ, ನಂತರ ಕೌದಿಗೆ ಜೋಡಿಸಿರಿ.

ಒಂದು ಅಂಚಿನಲ್ಲಿ ಇಸವಿಗಳೂ ಇರಲಿ: ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿದ 2004, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸಗಾರರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ 2011ರ ಜೂನ್ 16. ಕೌದಿಯ ಪ್ರದರ್ಶನವನ್ನು ಜೂನ್ 16ರಂದೇ, ಮೊದಲು ಅವರ ಓಣಿಯಲ್ಲಿ, ಆಮೇಲೆ ಸಭಾಭವನದಲ್ಲಿ ಏರ್ಪಡಿಸಿರಿ. ಕೌದಿಯ ಒಡೆತನ ಅವರಲ್ಲಿಯೇ ಉಳಿಯಬೇಕು.