ಡೇಟಾಬೇಸ್ ಓಡುತ್ತಿದೆ ಸರಿ, ಉತ್ತರ ಕೊಡುತ್ತಿದೆಯಾ?

"ಡೇಟಾಬೇಸ್ ಡೌನ್ ಆಗಿದೆ, ನೋಡಿ" ಅಂತ ಮೆಸೇಜ್ ಬಂದರೆ ನಾನು ಮೊದಲು ಲಾಗಿನ್ ಆಗುವುದು ಅಪ್ಲಿಕೇಶನ್ ಇರುವ ಸರ್ವರ್‌ಗೆ. ಡೇಟಾಬೇಸ್ ಸರ್ವರ್ ಒಳಗೇ ಕೂತು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ನಡುವೆ ಸಂಪರ್ಕ ತಡೆಯುವ ಫೈರ್‌ವಾಲ್, ಸರ್ವರ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಇವುಗಳ ತೊಂದರೆ ಯಾವುದೂ ಅಲ್ಲಿಂದ ಗೊತ್ತಾಗುವುದಿಲ್ಲ. ತೊಂದರೆ ಎಲ್ಲಿ ಕಾಣಿಸಿದೆಯೋ ಅಲ್ಲಿಂದಲೇ ನೋಡಬೇಕು, ಅಲ್ವಾ?

ನಾನು ಜಾಸ್ತಿ ಬಳಸುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಅದರ ಜೊತೆ ಪಿಜಿ_ಈಸ್‌ರೆಡಿ ಅನ್ನುವ ಸಣ್ಣ ಕಮಾಂಡ್ ಬರುತ್ತದೆ. ಹೋಸ್ಟ್ ಹೆಸರು, 5432 ಪೋರ್ಟ್ ಕೊಟ್ಟು ಓಡಿಸುತ್ತೇನೆ. ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) 0 ಬಂದರೆ ಸರ್ವರ್ ಎದ್ದಿದೆ. 2 ಬಂದರೆ ಉತ್ತರವೇ ಇಲ್ಲ. 1 ಬಂದರೆ ಸರ್ವರ್ ಇದೆ, ಆದರೆ ಸದ್ಯಕ್ಕೆ ಯಾರನ್ನೂ ಒಳಗೆ ಬಿಡುತ್ತಿಲ್ಲ. ಆಗ ದಯವಿಟ್ಟು ಗಾಬರಿಯಾಗಿ ರೀಸ್ಟಾರ್ಟ್ ಮಾಡಬೇಡಿ. ಕ್ರ್ಯಾಶ್ ಆದ ಮೇಲೆ ಅದು ಬದಲಾವಣೆಗಳನ್ನು ಬರೆದಿಟ್ಟ ತನ್ನ ಲಾಗ್ ಓದಿಕೊಂಡು ಡೇಟಾ ಸರಿಮಾಡಿಕೊಳ್ಳುತ್ತಿರಬಹುದು. ನಡುವೆ ನಿಲ್ಲಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ.

0 ಬಂದರೂ ನಾನು ಅಲ್ಲಿಗೆ ಬಿಡುವುದಿಲ್ಲ. ಈ ಕಮಾಂಡ್ ಪಾಸ್‌ವರ್ಡ್ ನೋಡುವುದಿಲ್ಲ. ಕನೆಕ್ಷನ್‌ಗಳೆಲ್ಲ ತುಂಬಿ ಹೊಸದಕ್ಕೆ ಜಾಗ ಇಲ್ಲದಿದ್ದರೂ 0 ಅಂತಲೇ ಹೇಳುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಈ ಮಿತಿ ಸಾಮಾನ್ಯವಾಗಿ 100, ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ 151. ಅದಕ್ಕೇ ಅಪ್ಲಿಕೇಶನ್‌ನ ಯೂಸರ್ ಹೆಸರಿನಲ್ಲೇ ಕನೆಕ್ಟ್ ಆಗಿ 'ಸೆಲೆಕ್ಟ್ 1' ಓಡಿಸುತ್ತೇನೆ, ಅಂದರೆ ಬರೀ 1 ಅನ್ನುವ ಸಂಖ್ಯೆ ವಾಪಸ್ ಕೊಡು ಅನ್ನುವ ಕ್ವೆರಿ.

ನನ್ನನ್ನು ಜಾಸ್ತಿ ಕಾಡಿರುವುದು ಇದರ ಮುಂದಿನ ಹಂತ. 'ಸೆಲೆಕ್ಟ್ 1' ಥಟ್ಟನೆ ಬರುತ್ತದೆ, ಅಪ್ಲಿಕೇಶನ್ ಮಾತ್ರ ನಿಂತೇ ಇರುತ್ತದೆ. ಯಾಕೆಂದರೆ ಆ ಕ್ವೆರಿ ಯಾವ ಟೇಬಲ್ಲನ್ನೂ ಮುಟ್ಟುವುದಿಲ್ಲ. ಆಗ ಯಾವ ಸೆಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ_ಸ್ಟಾಟ್_ಆಕ್ಟಿವಿಟಿ ತೆರೆದು 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿದೆ) ಅಂತ ಕೂತಿರುವ ಸೆಷನ್ ಹುಡುಕುತ್ತೇನೆ. ಕಥೆ ಹೆಚ್ಚಾಗಿ ಹೀಗಿರುತ್ತದೆ: ಯಾರೋ ಟ್ರಾನ್ಸಾಕ್ಷನ್ ತೆರೆದು, ಒಂದು ಟೇಬಲ್ ಓದಿ, ಕಮಿಟ್ ಮಾಡದೆ, ಅಂದರೆ ಟ್ರಾನ್ಸಾಕ್ಷನ್ ಮುಗಿಸದೆ, ಎದ್ದು ಹೋಗಿದ್ದಾರೆ. ಅದೇ ಟೇಬಲ್ ಮೇಲೆ ಇನ್ನೊಬ್ಬರು ಟೇಬಲ್‌ನ ರಚನೆ ಬದಲಿಸುವ 'ಆಲ್ಟರ್ ಟೇಬಲ್' ಕೊಟ್ಟಿದ್ದಾರೆ, ಅದು ಲಾಕ್‌ಗಾಗಿ, ಅಂದರೆ ಮೊದಲಿನವರು ಟೇಬಲ್ ಮೇಲಿನ ಹಿಡಿತ ಬಿಡಲಿ ಅಂತ, ಕಾಯುತ್ತಿದೆ. ಆಮೇಲೆ ಬಂದ ಪ್ರತಿಯೊಂದು ಸೆಲೆಕ್ಟ್ ಕೂಡ ಆ ಆಲ್ಟರ್ ಹಿಂದೆ ಸಾಲು ನಿಂತಿದೆ. ಸಿಪಿಯು ಆರಾಮಾಗಿದೆ, ಡಿಸ್ಕ್ ಆರಾಮಾಗಿದೆ, ಕೆಲಸ ಮಾತ್ರ ಸಾಗುತ್ತಿಲ್ಲ. ಯಾರು ಯಾರನ್ನು ತಡೆದಿದ್ದಾರೆ ಅನ್ನುವುದನ್ನು ಪಿಜಿ_ಬ್ಲಾಕಿಂಗ್_ಪಿಡ್ಸ್ ಅನ್ನುವ ಫಂಕ್ಷನ್ ಹೇಳುತ್ತದೆ. ಆಲ್ಟರ್ ರದ್ದು ಮಾಡಿದರೂ ಸಾಲು ಬಿಚ್ಚಿಕೊಳ್ಳುತ್ತದೆ. ಯಾರದ್ದೋ ಸೆಷನ್ ಕೊಲ್ಲುವುದಕ್ಕಿಂತ ನನಗೆ ಅದೇ ವಾಸಿ ಅನ್ನಿಸುತ್ತದೆ.

ಹಾಗಾಗಿ ಮಾನಿಟರಿಂಗ್‌ಗೆ ನಾನು ಒಂದೇ ಸಾಲಿನ ಪುಟ್ಟ ಟೇಬಲ್ ಇಟ್ಟುಕೊಂಡಿದ್ದೇನೆ. ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಅದರಲ್ಲಿ ಈಗಿನ ಸಮಯ ಬರೆದು ಕಮಿಟ್ ಮಾಡುತ್ತದೆ. ಫೇಲ್‌ಓವರ್ ಆದ ಮೇಲೂ (ಮುಖ್ಯ ಸರ್ವರ್‌ನ ಕೆಲಸ ಬೇರೊಂದಕ್ಕೆ ಹೋದ ಮೇಲೂ) ಓದಲು ಮಾತ್ರ ಬಿಡುವ ಸ್ಟ್ಯಾಂಡ್‌ಬೈ ಸರ್ವರ್‌ಗೇ ಅಪ್ಲಿಕೇಶನ್ ಕನೆಕ್ಟ್ ಆಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಸಿಂಕ್ರೊನಸ್ ರೆಪ್ಲಿಕಾ (ಪ್ರತಿ ಕಮಿಟ್‌ಗೂ ಒಪ್ಪಿಗೆ ಹೇಳಬೇಕಾದ ನಕಲು ಸರ್ವರ್) ಕೈಕೊಟ್ಟು ಕಮಿಟ್ ನಿಂತುಬಿಟ್ಟರೂ ಗೊತ್ತಾಗುತ್ತದೆ. ಇಡೀ ಸ್ಕ್ರಿಪ್ಟ್‌ಗೆ ಹೊರಗಿನಿಂದಲೇ 5 ಸೆಕೆಂಡ್ ಗಡುವು ಹಾಕಿದ್ದೇನೆ. ಇಲ್ಲದಿದ್ದರೆ ಡೇಟಾಬೇಸ್ ಜೊತೆ ಸ್ಕ್ರಿಪ್ಟ್ ಕೂಡ ನಿಂತು, ಅಲರ್ಟೇ ಬರುವುದಿಲ್ಲ.